55 ಪ್ಯಾಡಿನ ಒಂದು ಡಬ್ಬಿ, ನನ್ನ ಮುಖದ ಏಳು ತಿಂಗಳು

ಹೋದ ಭಾನುವಾರ ರಾತ್ರಿ ಮೊಡವೆ ಪ್ಯಾಡಿನ (ಔಷಧಿಯಲ್ಲಿ ನೆನೆಸಿಟ್ಟ, ಮುಖ ಒರೆಸೋ ದುಂಡನೆ ಬಟ್ಟೆ) ಡಬ್ಬಿ ಖಾಲಿಯಾಯಿತು. ಬೆಳಿಗ್ಗೆ ಎದ್ದು ನೋಡಿದರೆ ಅಮ್ಮ ಅದನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದ್ದಳು. ಪಿನ್ನು, ಗುಂಡಿ, ದಾರದುಂಡೆ ಹಾಕಿಡೋಕೆ ಹೇಳಿ ಮಾಡಿಸಿದ ಹಾಗಿದೆಯಂತೆ. ಮುಚ್ಚಳ ಗಟ್ಟಿ, ವಾಸನೆ ಮಾತ್ರ ಹೋಗ್ತಿಲ್ಲ ಅಂದಳು.

ನಮ್ಮ ಶಿಫ್ಟಿನಲ್ಲೇ ಮೂರು ಜನ ಕೇಳಿದ್ದಾರೆ, "ಅದೇನೋ ಪ್ಯಾಡ್ ಹಾಕ್ತೀಯಂತಲ್ಲ ಮಗಾ, ಎಲ್ಲಿ ಸಿಗುತ್ತೆ?" ಅಂತ. ಟೀ ಟೈಮಿನ ಹತ್ತು ನಿಮಿಷದಲ್ಲಿ ಹೇಳಿ ಮುಗಿಯೋ ಕಥೆ ಅಲ್ಲ ಇದು. ಅರ್ಧ ಕೇಳಿಕೊಂಡು ಹೋಗಿ ಹಚ್ಚಿಕೊಂಡರೆ ನನಗಾದದ್ದೇ ಅವರಿಗೂ ಆಗುತ್ತೆ. ಅದಕ್ಕೆ ಕೂತು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಲೇತ್ ಮಿಷಿನ್ ಓಡಿಸೋನು. ಮುಖ ಸುಟ್ಟುಕೊಂಡು ಕಲಿತದ್ದನ್ನು ಹೇಳ್ತೀನಿ, ಅಷ್ಟೇ.

ನನಗೀಗ 26. ಪಿಯುಸಿಯಲ್ಲಿ ಎಲ್ಲರ ಮುಖದಲ್ಲೂ ಮೊಡವೆ ಎದ್ದಾಗ ನನ್ನ ಮುಖ ನುಣ್ಣಗಿತ್ತು. ಆಗ ಸ್ವಲ್ಪ ಜಂಬವೂ ಇತ್ತು. ತುಮಕೂರಿನ ಹತ್ತಿರ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಶುರುವಾಯಿತು ನೋಡಿ. ಬಟವಾಡಿಯಿಂದ ದಿನಾ ಬೈಕ್. ಹೈವೇ ಧೂಳು, ಲಾರಿ ಹೊಗೆ, ಅದರ ಮೇಲೆ ಹೆಲ್ಮೆಟ್. ಮಿಷಿನ್ ಮುಂದೆ ನಿಂತರೆ ಬಿಸಿಯಾಗದಿರಲಿ ಅಂತ ಬಿಡೋ ಕೂಲೆಂಟ್ ಎಣ್ಣೆಯ ತುಂತುರು ಮುಖಕ್ಕೆ. ಮೊದಲು ಹಣೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಗುಳ್ಳೆ. ಆಮೇಲೆ ಹೆಲ್ಮೆಟ್ ಪಟ್ಟಿ ಉಜ್ಜೋ ಜಾಗದಲ್ಲಿ, ಗದ್ದದ ಕೆಳಗೆ, ಕೀವು ತುಂಬಿದವು.

ಅಮ್ಮನ ಹತ್ತಿರ ಕಾರಣಗಳ ದೊಡ್ಡ ಪಟ್ಟಿ ಇತ್ತು. ಒಂದು ದಿನ ಉಷ್ಣ. ಇನ್ನೊಂದು ದಿನ ಬೋರ್ ನೀರು. ಕಡ್ಲೆಕಾಯಿ ಸೀಸನ್ನಿನಲ್ಲಿ ಕಡ್ಲೆಕಾಯಿ. ಜಾಯಿಕಾಯಿ ತೇಯ್ದು ಹಚ್ಚಿದಳು, ಬೇವು ಅರೆದು ಹಚ್ಚಿದಳು, ರಾತ್ರಿ ಮೆಂತ್ಯ ನೆನೆಸಿ ಬೆಳಿಗ್ಗೆ ಕುಡಿಸಿದಳು. ಯಾವುದರಿಂದಲೂ ಕೇಡಾಗಲಿಲ್ಲ, ಉಪಯೋಗವೂ ಆಗಲಿಲ್ಲ. ಗುಬ್ಬಿಯಲ್ಲಿ ಗೆಳೆಯನ ಮದುವೆ. ಗ್ರೂಪ್ ಫೋಟೋದಲ್ಲಿ ನಾನು ಕಡೇ ಸಾಲಿನಲ್ಲಿ, ಎತ್ತರದವನೊಬ್ಬನ ಭುಜದ ಹಿಂದೆ ನಿಂತೆ. ಅಲ್ಲೂ ಬಿಡದೆ ದೊಡ್ಡಮ್ಮ ಒಬ್ಬರು ಊಟದ ಪಂಕ್ತಿಯಲ್ಲಿ ಗದ್ದ ಹಿಡಿದು ತಿರುಗಿಸಿ, "ಏನ್ಲಾ ಇದು, ಮುಖ ಹಿಂಗಾಗೈತೆ" ಅಂದರು. ಎದುರು ಸಾಲಿನವರೆಲ್ಲ ಅನ್ನ ಬಿಟ್ಟು ನನ್ನ ಮುಖ ನೋಡಿದರು.

ಆ ಸಿಟ್ಟಿಗೆ ಮಾರನೇ ದಿನವೇ ಒಂದು ಮೆಡಿಕಲ್ ಸ್ಟೋರಿಗೆ ಹೋದೆ. ಮೊಡವೆಗೆ ಏನಾದರೂ ಕೊಡಿ ಅಂದೆ. ಕೌಂಟರಿನಲ್ಲಿದ್ದವರು ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಒಂದು ಟ್ಯೂಬ್ ಇಟ್ಟು, "ಇದು ಹಚ್ಚಿ, ಎಲ್ಲರೂ ಇದೇ ತಗೊಂಡು ಹೋಗೋದು" ಅಂದರು. 130 ರೂಪಾಯಿ. ಚೀಟಿ ಕೇಳಲಿಲ್ಲ, ಬಿಲ್ಲೂ ಕೊಡಲಿಲ್ಲ.

ನಂಬ್ತೀರೋ ಇಲ್ಲವೋ, ಮೂರೇ ದಿನಕ್ಕೆ ಮುಖ ಕನ್ನಡಿ. ಕೆಂಪು ಇಳಿಯಿತು, ಬಣ್ಣವೂ ಒಂಚೂರು ತಿಳಿಯಾಯಿತು. ಅಮ್ಮನಿಗೆ ಖುಷಿ. ನಾನು ಮೂರು ಟ್ಯೂಬ್ ಮುಗಿಸಿದೆ, ಎರಡು ತಿಂಗಳಿಗೂ ಜಾಸ್ತಿ. ನಾಲ್ಕನೆಯದು ತರೋದು ಮರೆತ ವಾರ ಗೊತ್ತಾಯಿತು ಅದರ ನಿಜ. ಮುಖ ಉರಿ, ಕೆಂಪು, ಮೊದಲಿಗಿಂತ ಎರಡರಷ್ಟು ಗುಳ್ಳೆ. ಮತ್ತೆ ಹಚ್ಚಿದರೆ ಇಳಿಯುತ್ತೆ, ಬಿಟ್ಟರೆ ಏಳುತ್ತೆ.

ಇಲ್ಲಿ ಒಂದು ಮಾತು ಹೇಳಿಬಿಡ್ತೀನಿ, ಮಿಕ್ಕಿದ್ದು ಓದದಿದ್ದರೂ ಇದನ್ನು ಓದಿ. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಬೀಟಾಮೆಥಾಸೋನ್, ಕ್ಲೋಬಿಟಾಸಾಲ್, ಮೊಮೆಟಾಸೋನ್, ಬೆಕ್ಲೋಮೆಥಾಸೋನ್ ಅಂತ ಏನಾದರೂ ಇದ್ದರೆ ಅದು ಸ್ಟೆರಾಯ್ಡ್, ಅಂದರೆ ಕೆಂಪು, ಊತ ಅಡಗಿಸೋ ಔಷಧಿ. ಮೊಡವೆಗೆ ಹಚ್ಚೋದಲ್ಲ ಅದು. ದಿನಾ ಹಚ್ಚಿದರೆ ಮುಖದ ಚರ್ಮ ತೆಳ್ಳಗಾಗುತ್ತೆ, ಬಿಟ್ಟ ಕೂಡಲೇ ತಿರುಗಿ ಬೀಳುತ್ತೆ. ಇಂಥ ಕ್ರೀಮುಗಳನ್ನು ಸರ್ಕಾರ 2018ರಲ್ಲೇ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಮಾರೋ ಹಾಗಿಲ್ಲ. ನನಗೆ ಇದೆಲ್ಲ ಗೊತ್ತಾಗಿದ್ದು ಆಮೇಲೆ.

ಸಂಕ್ರಾಂತಿಗೆ ಅಮೆರಿಕದಿಂದ ಅಕ್ಕ ಬಂದಳು. ಚಿಕ್ಕಪ್ಪನ ಮಗಳು. ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ತನ್ನ ಬ್ಯಾಗಿನಿಂದ ಒಂದು ಡಬ್ಬಿ ತೆಗೆದು ಕೊಟ್ಟಳು. "ಅಲ್ಲಿ ದಿನಸಿ ಅಂಗಡಿಯಲ್ಲೂ ಇಟ್ಟಿರ್ತಾರೆ ಕಣೋ, ಐದಾರು ಡಾಲರ್, ಚೀಟಿಗೀಟಿ ಏನೂ ಬೇಡ" ಅಂದಳು. ಒಳಗೆ ರುಪಾಯಿ ನಾಣ್ಯಕ್ಕಿಂತ ದೊಡ್ಡದಾದ, ದುಂಡನೆಯ, ಬಿಳಿ ಬಟ್ಟೆಯಂಥ ಪ್ಯಾಡುಗಳು, ಒಂದರ ಮೇಲೊಂದು, 55. ಎಲ್ಲಾ ದ್ರವದಲ್ಲಿ ನೆಂದಿವೆ. ಮುಚ್ಚಳ ತೆಗೆದರೆ ನೋವಿನ ಬಾಮಿನಂಥ ತಣ್ಣನೆ ವಾಸನೆ.

ಡಬ್ಬಿಯ ಹಿಂದೆ ಅಲ್ಲಿನ ಕಾಯ್ದೆ ಪ್ರಕಾರ ಔಷಧಿಯ ವಿವರ ಇತ್ತು. ಸ್ಯಾಲಿಸಿಲಿಕ್ ಆಸಿಡ್ ಶೇಕಡಾ 2. ಅಮೆರಿಕದಲ್ಲಿ ಚೀಟಿ ಇಲ್ಲದೆ ಮಾರೋ ಮೊಡವೆ ಔಷಧಿಯಲ್ಲಿ ಇದು ಅರ್ಧ ಪರ್ಸೆಂಟಿನಿಂದ 2 ಪರ್ಸೆಂಟ್‌ವರೆಗೆ ಇರಬಹುದು. ಅಂದರೆ ನನ್ನ ಕೈಯಲ್ಲಿದ್ದದ್ದು ಅತಿ ಜೋರಿನದ್ದು. ಕೆಳಗೆ ಇನ್ನೂ ಬರೆದಿತ್ತು: ಮೊದಲು ದಿನಕ್ಕೆ ಒಂದೇ ಸಲ ಶುರುಮಾಡಿ, ಒಣಗಿದರೆ ಕಡಿಮೆ ಮಾಡಿ. ಓದಿದೆ. ಓದಿ ಡಬ್ಬಿ ತಿರುಗಿಸಿ ಇಟ್ಟೆ.

ಮೊದಲ ರಾತ್ರಿ. ಮುಖ ತೊಳೆದು ಒಂದು ಪ್ಯಾಡ್ ತೆಗೆದು ಹಣೆ, ಮೂಗು, ಕೆನ್ನೆ, ಗದ್ದ ಒರೆಸಿದೆ. ಚುರುಚುರು ಅಂತು, ಆಮೇಲೆ ತಂಪಾಯಿತು. ಪ್ಯಾಡ್ ತಿರುಗಿಸಿ ನೋಡಿದರೆ ಕಂದು. ಬಿಳಿ ಬಟ್ಟೆ ಟೀ ಸೋಸಿದ ಹಾಗಾಗಿತ್ತು! ಸೋಪು ಹಾಕಿ ತೊಳೆದ ಮುಖದಿಂದ ಇಷ್ಟು ಕೊಳೆಯಾ? ನನಗೆ ಆಗ ಆದ ಸಮಾಧಾನ ಹೇಳೋಕಾಗಲ್ಲ. ಇಷ್ಟು ದಿನ ಮೊಡವೆ ಯಾಕೆ ಹೋಗಲಿಲ್ಲ ಅನ್ನೋದಕ್ಕೆ ಉತ್ತರ ಕೈಯಲ್ಲೇ ಸಿಕ್ಕಿದ ಹಾಗೆ. ಅಮ್ಮನನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. "ಅಯ್ಯೋ ಶಿವನೇ" ಅಂದಳು.

ಅಲ್ಲಿಂದ ನಾನು ಮೊಡವೆ ಮರೆತೆ, ಪ್ಯಾಡಿನ ಬಣ್ಣದ ಹಿಂದೆ ಬಿದ್ದೆ. ಎರಡನೇ ದಿನ ಬೆಳಿಗ್ಗೆ, ಸಂಜೆ. ಮೂರನೇ ದಿನದಿಂದ ಮೂರು ಹೊತ್ತು. ಪ್ಯಾಡ್ ಬಿಳಿಯಾಗಿ ಬರೋವರೆಗೂ ಉಜ್ಜಿದೆ, ಪಾತ್ರೆ ತಿಕ್ಕಿದ ಹಾಗೆ. ಬ್ಯಾಗಿನಲ್ಲಿ ಹಾಕಿಕೊಂಡು ಫ್ಯಾಕ್ಟರಿಗೂ ಒಯ್ದೆ. ಶಿಫ್ಟ್ ಮುಗಿಸಿ ಒರೆಸಿದರೆ ಕಡುಗಂದು, ಇನ್ನೂ ಖುಷಿ. ಇದು ಸಾಲದು ಅಂತ ಗೆಳೆಯನ ಹತ್ತಿರ ಇದ್ದ ಬೆಂಜಾಯಿಲ್ ಪೆರಾಕ್ಸೈಡ್ ಅನ್ನೋ ಇನ್ನೊಂದು ಮೊಡವೆ ಔಷಧಿಯ ಜೆಲ್ಲನ್ನೂ ರಾತ್ರಿ ಮೇಲಿಂದ ಬಳಿದೆ. ಬದಲಿಗೆ ಅವನಿಗೆ ಎರಡು ಪ್ಯಾಡ್ ಕೊಟ್ಟೆ. ಆ ಜೆಲ್ಲಿಗೆ ಬಟ್ಟೆಯ ಬಣ್ಣ ತಿನ್ನೋ ಗುಣ ಇದೆ ಅಂತ ನನಗೇನು ಗೊತ್ತು? ನೀಲಿ ದಿಂಬಿನ ಕವರಿನ ಮೇಲೆ ಬೆಳ್ಳನೆ ಮಚ್ಚೆ ಬಿತ್ತು. ಅಮ್ಮ ಒಂದು ವಾರ ಸೋಪಿನ ಪುಡಿಯನ್ನು ಬೈದಳು, ನಾನು ಸುಮ್ನೆ ಇದ್ದೆ.

ಐದನೇ ದಿನ ಮೂಗಿನ ಪಕ್ಕ ಹೊಟ್ಟು ಏಳೋಕೆ ಶುರು. ಆರನೇ ದಿನ ಬಾಯಿಯ ಸುತ್ತ ಚರ್ಮ ಬಿಗಿದು, ಆಕಳಿಸಿದರೆ ಬಿರಿಯೋ ಹಾಗೆ. ಏಳನೇ ದಿನ ಮಾಡಿದ್ದು ದೊಡ್ಡ ತಪ್ಪು. ಶೇವ್ ಮಾಡಿದ ಕೂಡಲೇ ಪ್ಯಾಡ್ ಎಳೆದೆ. ಕಣ್ಣಲ್ಲಿ ನೀರು ಬಂತು, ನಿಂತಲ್ಲೇ ಕುಣಿದೆ. ಬಕೆಟಿಗೆ ಮುಖ ಅದ್ದಿ ಕೂತೆ. ಅವತ್ತು ರಾತ್ರಿ ಬಿಸಿ ಸಾರಿನ ಹಬೆ ತಾಗಿದರೂ ಉರಿ. ಕನ್ನಡಿಯಲ್ಲಿ ನೋಡಿದರೆ ಬೇಸಿಗೆಯಲ್ಲಿ ಕೆರೆಯಂಗಳ ಬಿರಿಯುತ್ತಲ್ಲ, ಗದ್ದ ಹಾಗಿತ್ತು. ಒಂದು ವಾರಕ್ಕೆ 18 ಪ್ಯಾಡ್ ಮುಗಿಸಿದ್ದೆ.

ಆಗ ಚರ್ಮದ ಡಾಕ್ಟರ ಹತ್ತಿರ ಹೋದೆ. ಯಾವ ಕ್ಲಿನಿಕ್ ಅಂತ ಹೇಳಲ್ಲ, ಬಿ.ಎಚ್. ರಸ್ತೆ ಕಡೆಯದು. ಫೋನಿನಲ್ಲಿ ಟೋಕನ್ ಕೊಡಲ್ಲ, ಸಂಜೆ ನಾಲ್ಕಕ್ಕೆ ಅಲ್ಲೇ ಹೋಗಿ ಹೆಸರು ಬರೆಸಬೇಕು. ನಾಲ್ಕೂ ಕಾಲಕ್ಕೆ ಹೋದರೆ ನನ್ನ ನಂಬರ್ 34. ಫೀಸು 500. ಒಳಗೆ ಕರೆದದ್ದು ಏಳೂವರೆಗೆ. ಸಿಕ್ಕ ಸಿಕ್ಕ ಕುರ್ಚಿಯಲ್ಲಿ ಕೂತವರೆಲ್ಲ ಒಬ್ಬರ ಮುಖ ಒಬ್ಬರು ಕದ್ದು ನೋಡುತ್ತಿದ್ದರು. ನಾನೂ ನೋಡಿದೆ. ನನಗಿಂತ ಜಾಸ್ತಿ ಇರೋರನ್ನು ಕಂಡು ಒಳಗೊಳಗೇ ಧೈರ್ಯ ಬಂತು. ಹಾಗನ್ನಿಸಿದ್ದಕ್ಕೆ ಆಮೇಲೆ ನಾಚಿಕೆಯೂ ಆಯಿತು. ಪಕ್ಕದಲ್ಲಿ ಹೈಸ್ಕೂಲ್ ಹುಡುಗಿಯೊಬ್ಬಳು ದುಪಟ್ಟಾದಲ್ಲಿ ಅರ್ಧ ಮುಖ ಮುಚ್ಚಿಕೊಂಡೇ ಮೂರು ಗಂಟೆ ಕೂತಿದ್ದಳು.

ಹೋಗೋರು ಒಂದು ಕೆಲಸ ಮಾಡಿ. ಮುಖಕ್ಕೆ ಇದುವರೆಗೆ ಹಚ್ಚಿದ್ದೆಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗಿ. ಟ್ಯೂಬ್, ಫೇಸ್‌ವಾಶ್, ತಲೆಗೆ ಹಾಕೋ ಎಣ್ಣೆ, ಎಲ್ಲಾ. ಖಾಲಿ ಆಗಿದ್ದರೆ ಫೋಟೋ. ಡಾಕ್ಟರು ಕೇಳೋ ಮೊದಲ ಪ್ರಶ್ನೆಯೇ ಅದು. "ಏನಪ್ಪಾ, ಏನೇನು ಹಚ್ಚಿದ್ದೀಯ?" ಅಂದರು ಮೇಡಂ. ನಾನು ಪ್ಯಾಡಿನ ಡಬ್ಬಿ ಮಾತ್ರ ಒಯ್ದಿದ್ದೆ. ಟ್ಯೂಬಿನ ಹೆಸರು ನೆನಪಿಗೆ ಬರಲಿಲ್ಲ. ಅಮ್ಮನಿಗೆ ಫೋನ್ ಮಾಡಿ, ಅವಳು ಕಸದ ಬುಟ್ಟಿ ಹುಡುಕಿ, ಪಕ್ಕದ ಮನೆ ಹುಡುಗನ ಫೋನಿನಿಂದ ಫೋಟೋ ಕಳಿಸೋವರೆಗೆ ನನ್ನ ಹಿಂದಿನ ಇಬ್ಬರು ಒಳಗೆ ಹೋಗಿ ಬಂದರು. ಫೋಟೋ ನೋಡಿ ಮೇಡಂ ತಲೆಗೆ ಕೈ ಇಟ್ಟುಕೊಂಡರು. "ವಾರಕ್ಕೆ ನಾಲ್ಕು ಜನ ಇದನ್ನೇ ಹಚ್ಚಿಕೊಂಡು ಬರ್ತಾರೆ."

ಆಮೇಲೆ ನಾನು ಪ್ಯಾಡಿನ ಕಂದು ಬಣ್ಣದ ವಿಷಯ ಹೇಳಿದೆ. ಮುಖದಲ್ಲಿ ಕೊಳೆ ತುಂಬಾ ಇದೆ ಮೇಡಂ, ಎಷ್ಟು ಒರೆಸಿದರೂ ಬರುತ್ತೆ ಅಂದೆ. ಅವರು ಡಬ್ಬಿ ತೆಗೆದು ಒಂದು ಪ್ಯಾಡ್ ನನ್ನ ಕೈಗೆ ಕೊಟ್ಟರು.

"ಮೊಣಕೈ ಒರೆಸು."

ಒರೆಸಿದೆ. ಮುಖಕ್ಕಿಂತ ಕಪ್ಪಾಗಿ ಬಂತು.

"ಮೊಣಕೈಗೆ ಮೊಡವೆ ಇದೆಯಾ?"

ನನ್ನ ಹತ್ತಿರ ಮಾತಿರಲಿಲ್ಲ. ಪ್ಯಾಡಿಗೆ ಬಂದದ್ದು ಧೂಳು, ಜಿಡ್ಡು, ಮೇಲಿನ ಸತ್ತ ಚರ್ಮ. ಅದು ಎಲ್ಲರಿಗೂ ಬರುತ್ತೆ, ಎಲ್ಲಾ ಕಡೆಯಿಂದಲೂ ಬರುತ್ತೆ. ಮೊಡವೆ ಇರೋದು ಅದರ ಕೆಳಗೆ, ಕೂದಲು ಹುಟ್ಟೋ ಸಣ್ಣ ತೂತಿನೊಳಗೆ. ಅಲ್ಲಿ ಜಿಡ್ಡೂ ಸತ್ತ ಚರ್ಮವೂ ಸೇರಿ ಬಿರಡೆ ಹಾಕಿದ ಹಾಗೆ ಕಟ್ಟಿಕೊಳ್ಳುತ್ತೆ. ಸ್ಯಾಲಿಸಿಲಿಕ್ ಆಸಿಡ್ ಎಣ್ಣೆಯಲ್ಲಿ ಕರಗೋ ಜಾತಿಯದು, ಅದಕ್ಕೆ ಜಿಡ್ಡಿನೊಳಗೆ ಇಳಿದು ಆ ಬಿರಡೆಯನ್ನು ಮೆಲ್ಲಗೆ ಸಡಿಲ ಮಾಡುತ್ತೆ. ಕೆಲಸ ಮಾಡೋದು ದ್ರವ. ಪ್ಯಾಡ್ ಬರೀ ಹಚ್ಚೋ ಬಟ್ಟೆ. ನಾನು ಉಜ್ಜಿ ಉಜ್ಜಿ ತೆಗೆದದ್ದು ಬರೀ ಕೊಳೆಯಲ್ಲ, ಮುಖದ ಮೇಲಿನ ಒಳ್ಳೆ ಪದರವನ್ನೂ. ಅದೂ ಸ್ಟೆರಾಯ್ಡ್ ಹಚ್ಚಿ ಮೊದಲೇ ಸೋತಿದ್ದ ಚರ್ಮ.

ಹಣೆಯ ಸಾಸಿವೆ ಗುಳ್ಳೆಗೆ ತಲೆಗೆ ಸುರಿದುಕೊಳ್ಳೋ ಕೊಬ್ಬರಿ ಎಣ್ಣೆಯೂ, ಕೂಲೆಂಟ್ ಎಣ್ಣೆಯೂ ಕಾರಣ ಇರಬಹುದು ಅಂದರು. ಶಿಫ್ಟಿನ ಮಧ್ಯೆ ಬರೀ ನೀರಿನಲ್ಲಿ ಮುಖ ತೊಳೆಯೋಕೆ, ಹೆಲ್ಮೆಟ್ ಒಳಗಿನ ಸ್ಪಂಜ್ ವಾರಕ್ಕೊಮ್ಮೆ ಒಗೆಯೋಕೆ ಹೇಳಿದರು. ಸ್ಪಂಜ್ ಒಗೆದ ನೀರಿನ ಬಣ್ಣ ಹೇಳೋದು ಬೇಡ ಬಿಡಿ.

ಚೀಟಿಯಲ್ಲಿ ಬರೆದದ್ದು ಕಡಿಮೆ. ಒಂದು ತಿಂಗಳು ಪ್ಯಾಡ್ ಬಂದ್. ಜೆಲ್ ಬಂದ್. ಸಾದಾ ಫೇಸ್‌ವಾಶ್, ಮಾಯಿಶ್ಚರೈಸರ್, ಬೆಳಿಗ್ಗೆ ಎಸ್‌ಪಿಎಫ್ (ಬಿಸಿಲು ತಡೆಯೋ ಶಕ್ತಿಯ ಅಳತೆ) 30ರ ಸನ್‌ಸ್ಕ್ರೀನ್, ರಾತ್ರಿಗೆ ಅವರು ಬರೆದ ಒಂದು ಮುಲಾಮು. "ಜಿಡ್ಡು ಮುಖಕ್ಕೆ ಮತ್ತೆ ಕ್ರೀಮಾ ಮೇಡಂ?" ಅಂದೆ. "ಬಿರಿದ ಗೋಡೆಗೆ ಮೊದಲು ಗಾರೆ ಹಾಕು, ಆಮೇಲೆ ಸುಣ್ಣದ ಮಾತು" ಅಂದರು.

ಆ ತಿಂಗಳು ಬಹಳ ಕಷ್ಟದ್ದು. ಏನೂ ಮಾಡದೆ ಕೂರೋದಕ್ಕಿಂತ ಕಷ್ಟ ಇನ್ನೊಂದಿಲ್ಲ. ಸ್ಟೆರಾಯ್ಡ್ ಬಿಟ್ಟ ಮುಖ ದಿನಕ್ಕೊಂದು ಬಣ್ಣ. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆಗೆ ಗೆಳೆಯರು ಎಳೆದುಕೊಂಡು ಹೋದರು. ಮಾಸ್ಕ್ ಹಾಕಿಕೊಂಡೇ ದನಗಳ ಜಾತ್ರೆ ಸುತ್ತಿದೆ. ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ತಿನ್ನೋಕೆ ಮಾಸ್ಕ್ ತೆಗೆಯಲೇಬೇಕಲ್ಲ, ಗೋಡೆ ಕಡೆ ಮುಖ ಮಾಡಿ ಕೂತೆ. ಇಡ್ಲಿ ತಂದಿಟ್ಟ ಹುಡುಗ ನನ್ನ ಕಡೆ ನೋಡಲೇ ಇಲ್ಲ. ಅವನಿಗೆ ಚಟ್ನಿ ಬಕೆಟ್ಟೇ ದೊಡ್ಡ ಚಿಂತೆ.

ತಿಂಗಳಾದ ಮೇಲೆ ಮರುಭೇಟಿ, 300 ರೂಪಾಯಿ. ಉರಿ ಹೋಗಿತ್ತು, ಹೊಟ್ಟು ಹೋಗಿತ್ತು. ಈಗ ಪ್ಯಾಡ್ ಶುರುಮಾಡಬಹುದು ಅಂದರು. ಹೇಗೆ ಅನ್ನೋದನ್ನು ವಿವರವಾಗಿ ಬರೆಯುತ್ತೇನೆ, ಎಲ್ಲರೂ ಎಡವೋದು ಇಲ್ಲೇ.

ಮೊದಲು ಮೂರು ದಿನ ಬರೀ ಗದ್ದದ ಕೆಳಗೆ, ಎರಡು ರೂಪಾಯಿ ನಾಣ್ಯದಷ್ಟು ಜಾಗಕ್ಕೆ. ಇದು ಮೇಡಂ ಒಬ್ಬರ ಮಾತಲ್ಲ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಇದೇ ಸ್ಯಾಲಿಸಿಲಿಕ್ ಆಸಿಡ್, ಬೆಂಜಾಯಿಲ್ ಪೆರಾಕ್ಸೈಡ್ ಇರೋ ಮೊಡವೆ ಔಷಧಿಗಳ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಅಪರೂಪಕ್ಕೆ ಕೆಲವರಿಗೆ ಜೋರು ಅಲರ್ಜಿ ಆಗುತ್ತೆ, ಅದಕ್ಕೆ ಹೊಸಬರು ಮೂರು ದಿನ ಚೂರೇ ಜಾಗಕ್ಕೆ ಹಚ್ಚಿ ನೋಡಿ ಅಂತ. ತುಟಿ, ಕಣ್ಣು, ನಾಲಿಗೆ ಊದಿದರೆ, ಗಂಟಲು ಕಟ್ಟಿದ ಹಾಗಾದರೆ, ಉಸಿರಾಡೋಕೆ ಕಷ್ಟವಾದರೆ ಕಾಯಬೇಡಿ, ಸೀದಾ ಆಸ್ಪತ್ರೆ. ಆಸ್ಪಿರಿನ್ ಮಾತ್ರೆ ಆಗದವರು ಇದರ ಸಹವಾಸಕ್ಕೆ ಹೋಗೋ ಮುಂಚೆ ಡಾಕ್ಟರನ್ನು ಕೇಳಲೇಬೇಕು. ಎರಡೂ ಒಂದೇ ಬಳಗದವು.

ಮೂರು ದಿನ ಏನೂ ಆಗಲಿಲ್ಲ. ಆಮೇಲೆ ಮೂರು ರಾತ್ರಿಗೆ ಒಂದು ಸಲ, ಅದೂ ಅರ್ಧ ಪ್ಯಾಡ್. ಅಮ್ಮನ ಕತ್ತರಿ ತೊಳೆದು ಪ್ಯಾಡನ್ನು ಮಧ್ಯಕ್ಕೆ ಕತ್ತರಿಸುತ್ತಿದ್ದೆ. ಉಳಿದ ಅರ್ಧ ಡಬ್ಬಿಗೆ ವಾಪಸ್. ಮುಖ ತೊಳೆದು, ಒತ್ತಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಣೆಗೆ ಒಂದು ಎಳೆತ, ಮೂಗಿಗೆ ಒಂದು, ಗದ್ದಕ್ಕೆ ಒಂದು. ಉಜ್ಜೋದಲ್ಲ, ಎಳೆಯೋದು. ದೋಸೆ ಕಾವಲಿಗೆ ಎಣ್ಣೆ ಸವರೋ ಹಾಗೆ. ಕಣ್ಣಿನ ಹತ್ತಿರ, ತುಟಿಯ ಅಂಚು, ಮೂಗಿನ ಹೊಳ್ಳೆಯ ಮೂಲೆ ಬಿಟ್ಟುಬಿಡಿ. ತೊಳೆಯಬೇಡಿ, ಹಾಗೇ ಒಣಗಲಿ. ಆಮೇಲೆ ಮಾಯಿಶ್ಚರೈಸರ್. ಶೇವ್ ಮಾಡಿದ ದಿನ ರಜಾ. ಬಳಸಿದ್ದನ್ನು ಕಮೋಡಿಗೆ ಹಾಕಿ ಕಟ್ಟಿಸಿಕೊಳ್ಳಬೇಡಿ, ಕಸದ ಬುಟ್ಟಿಗೆ. ಇನ್ನೊಂದು, ದ್ರವ ತಳಕ್ಕೆ ಇಳಿದು ಮೇಲಿನ ಪ್ಯಾಡ್ ಒಣಗಿರುತ್ತೆ. ಬಳಸೋ ದಿನ ಬೆಳಿಗ್ಗೆ ಡಬ್ಬಿ ಬೋರಲು ಇಟ್ಟು ಹೋದರೆ ರಾತ್ರಿಗೆ ಸಮ ಆಗಿರುತ್ತೆ. ಮುಚ್ಚಳ ಗಟ್ಟಿ ಇರಲಿ, ಇಲ್ಲದಿದ್ದರೆ ಅಮ್ಮನ ಬೀರು ಎಲ್ಲಾ ಬಾಮ್ ವಾಸನೆ.

ಎರಡು ವಾರ ಏನೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ಯುಗಾದಿ ಬಂತು. ಅಭ್ಯಂಜನ! ಬೆಳಿಗ್ಗೆ ಐದಕ್ಕೆ ನಿದ್ದೆಗಣ್ಣಿನಲ್ಲಿ ಕೂತಿದ್ದೇನೆ, ಅಮ್ಮ ತಲೆಗೆ ಹರಳೆಣ್ಣೆ ಹಾಕಿ ತಟ್ಟಿ, ಅದೇ ಕೈಯಲ್ಲಿ ಹಣೆ, ಕೆನ್ನೆ, ಮೂಗು ಎಲ್ಲಾ ತಿಕ್ಕಿಬಿಟ್ಟಳು. "ಅಮ್ಮಾ, ಮುಖ!" ಅನ್ನೋವಷ್ಟರಲ್ಲಿ ಮುಗಿದಿತ್ತು. "ವರ್ಷಕ್ಕೊಂದು ದಿನ ಕಣೋ, ಏನಾಗಲ್ಲ" ಅಂದಳು. ಸೀಗೆಕಾಯಿ ಹಾಕಿ ತಿಕ್ಕಿದರೂ ಆ ಅಂಟು ಬಿಡಬೇಕಲ್ಲ. ಅದಾದ ವಾರ ಹಣೆಯಲ್ಲಿ ಮತ್ತೆ ಸಣ್ಣ ಗುಳ್ಳೆ ಎದ್ದವು. ಎಣ್ಣೆಯದ್ದೋ, ಪ್ಯಾಡ್ ಒಳಗಿನದ್ದನ್ನು ಹೊರಗೆ ಎಬ್ಬಿಸಿದ್ದೋ ಯಾರಿಗೆ ಗೊತ್ತು. ಶುರುವಿನ ವಾರಗಳಲ್ಲಿ ಸ್ವಲ್ಪ ಜಾಸ್ತಿಯಾದ ಹಾಗೆ ಕಾಣಬಹುದು, ಹೆದರಿ ನಿಲ್ಲಿಸಬೇಡ, ಹೆದರಿ ಜಾಸ್ತಿಯೂ ಮಾಡಬೇಡ ಅಂತ ಮೇಡಂ ಮೊದಲೇ ಹೇಳಿದ್ದರು. ಆ ಎರಡನೇ ಮಾತು ನನಗಾಗಿಯೇ ಹೇಳಿದ್ದು. ಡಬ್ಬಿಯನ್ನು ಅಮ್ಮನ ಬೀರುವಿನಲ್ಲಿ ಇಡಿಸಿದ್ದೂ ಅದಕ್ಕೇ. ಮೂರು ರಾತ್ರಿಗೊಮ್ಮೆ ಕೇಳಿ ಇಸ್ಕೊಳ್ಳೋದು.

ಪ್ರತಿ ಭಾನುವಾರ ಬೆಳಿಗ್ಗೆ ಅದೇ ಕಿಟಕಿ ಹತ್ತಿರ, ಅದೇ ಹೊತ್ತಿಗೆ ಒಂದು ಫೋಟೋ. ಕನ್ನಡಿ ನಂಬಬೇಡಿ, ದಿನಾ ನೋಡೋ ಕಣ್ಣಿಗೆ ವ್ಯತ್ಯಾಸ ಕಾಣಲ್ಲ. ಆರನೇ ವಾರದ ಫೋಟೋವನ್ನು ಮೊದಲನೆಯದರ ಪಕ್ಕ ಇಟ್ಟಾಗ ಮೂಗಿನ ಮೇಲಿನ ಕಪ್ಪು ಚುಕ್ಕೆ ಅರ್ಧ ಇಳಿದದ್ದು ಕಂಡಿತು. ಒಂಬತ್ತನೇ ವಾರಕ್ಕೆ ಹಣೆ ಸವರಿದರೆ ಬೆರಳಿಗೆ ಏನೂ ಸಿಗುತ್ತಿರಲಿಲ್ಲ. ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ ಸುಮ್ನೆ ಹಣೆ ಸವರಿಕೊಳ್ಳೋ ಚಟ ಹತ್ತಿತು.

ಗದ್ದದ ಕೆಳಗಿನ ದಪ್ಪ ದಪ್ಪ, ನೋವಿನ ಗಂಟುಗಳಿಗೆ ಪ್ಯಾಡ್ ಏನೂ ಮಾಡಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಪ್ಯಾಡಿನ ಕೈಗೆಟಕೋದು ಮೇಲಿನ ಸಣ್ಣ ಗುಳ್ಳೆ, ಕಪ್ಪು ಚುಕ್ಕೆ, ಬಿಳಿ ಚುಕ್ಕೆ. ಒಳಗೆ ಗಂಟು ಕಟ್ಟಿ, ಹೋದ ಮೇಲೆ ಗುಳಿ ಬೀಳಿಸೋ ಮೊಡವೆಗೆ ಡಾಕ್ಟರೇ ಬೇಕು, ತಡ ಮಾಡಿದರೆ ಗುಳಿ ಉಳಿಯುತ್ತೆ. ನನಗೆ ಅದಕ್ಕೆ ಬೇರೆ ಔಷಧಿ ಬರೆದರು. ಮೊಡವೆ ಹೋದ ಜಾಗದ ಕಪ್ಪು ಕಲೆಯೂ ಬೇಗ ಹೋಗಲ್ಲ. ನಮ್ಮಂಥ ಕಂದು ಬಣ್ಣದವರಿಗೆ ಅದು ತಿಂಗಳುಗಟ್ಟಲೆ ಕೂರುತ್ತೆ, ಬಿಸಿಲು ಬಿದ್ದರೆ ಇನ್ನೂ ಗಟ್ಟಿ. ಸನ್‌ಸ್ಕ್ರೀನ್ ಹಾಕಿದ ಮೊದಲ ದಿನ ಫ್ಯಾಕ್ಟರಿಯಲ್ಲಿ "ಏನೋ, ಪೌಡರ್ ಹಾಕ್ಕೊಂಡು ಬಂದಿದ್ದೀಯ" ಅಂತ ನಕ್ಕರು. ವಾರಕ್ಕೆ ಅವರಿಗೇ ಬೇಜಾರಾಗಿ ಬಿಟ್ಟರು.

ಜೂನ್‌ನಲ್ಲಿ ಪ್ಯಾಡ್ ತಳ ಕಾಣೋಕೆ ಶುರುವಾಯಿತು. ಅಕ್ಕ ಬರೋದು ಇನ್ನು ಮುಂದಿನ ವರ್ಷ. ತುಮಕೂರಿನಲ್ಲಿ ಎಂ.ಜಿ. ರಸ್ತೆಯಿಂದ ಹೊರಪೇಟೆವರೆಗೆ ಏಳು ಮೆಡಿಕಲ್ ಕೇಳಿದೆ. ಪ್ಯಾಡ್ ಅಂದ ಕೂಡಲೇ ಎರಡು ಕಡೆ ಕೊಟ್ಟದ್ದು ಬೇರೆಯೇ ಪ್ಯಾಡ್. ಒಬ್ಬರು "ತಂಗಿಗಾ?" ಅಂತ ಕೇಳಿ ಪೇಪರಿನಲ್ಲಿ ಸುತ್ತಿಯೇಬಿಟ್ಟಿದ್ದರು. ಆನ್‌ಲೈನಿನಲ್ಲಿ ಅದೇ ಡಬ್ಬಿ ಸಿಕ್ಕಿತು, 1,390 ರೂಪಾಯಿ. ಅಕ್ಕನ ಐದಾರು ಡಾಲರಿನದು! ಹೊಟ್ಟೆ ಉರಿದರೂ ಆರ್ಡರ್ ಮಾಡಿದೆ.

ಹನ್ನೊಂದು ದಿನಕ್ಕೆ ಬಂತು. ಸೀಲ್ ಬಿಚ್ಚಿತ್ತು, ಪ್ಯಾಡ್ ಹಪ್ಪಳದ ಹಾಗೆ ಒಣಗಿದ್ದವು, ಎಕ್ಸ್‌ಪೈರಿ ತಾರೀಕಿನ ಮೇಲೆ ಯಾರೋ ಬೆರಳು ಆಡಿಸಿದ ಹಾಗೆ ಅಳಿಸಿತ್ತು. ವಾಪಸ್ ಕೊಡೋಕೆ ಹೋದರೆ ಡಬ್ಬಿ ತೆರೆಯೋ ವಿಡಿಯೋ ಕೇಳಿದರು. ನನ್ನ ಅದೃಷ್ಟಕ್ಕೆ ತಂಗಿ ತಮಾಷೆಗೆ ತೆಗೆದ ವಿಡಿಯೋ ಇತ್ತು. ಡಬ್ಬಿಯ ಸುತ್ತ ಫೋಟೋ, ಬಿಲ್ಲು, ಬ್ಯಾಂಕಿನ ಮೆಸೇಜು, ಎಲ್ಲಾ ಕಳಿಸಿ, ನಾಲ್ಕು ಸಲ ಫೋನ್ ಮಾಡಿ, ಹದಿನಾರನೇ ದಿನ ದುಡ್ಡು ವಾಪಸ್ ಬಂತು. ಹೊರದೇಶದ್ದು ತರಿಸೋರು ಮೊದಲು ನೋಡಬೇಕಾದ್ದು: ಡಬ್ಬಿಯ ಮೇಲೆ ಇಲ್ಲಿನ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇರೋ ಸ್ಟಿಕ್ಕರ್. ಕಾನೂನು ಪ್ರಕಾರ ಅದು ಇರಲೇಬೇಕು. ನನ್ನದರ ಮೇಲೆ ಏನೂ ಇರಲಿಲ್ಲ. ತೆರೆಯೋ ಮುಂಚೆ ವಿಡಿಯೋ ಆನ್ ಮಾಡಿ.

ಕೊನೆಗೆ ಮೇಡಂಗೆ ಕೇಳಿದೆ. "ಅಯ್ಯೋ, ಪ್ಯಾಡೇ ಯಾಕೆ? ಅದೇ 2 ಪರ್ಸೆಂಟಿನ ಸೀರಮ್ ಇಲ್ಲೇ ತಯಾರಾಗಿ ಸಿಗುತ್ತಲ್ಲ" ಅಂದರು. 549 ಕೊಟ್ಟು ತಂದೆ, ಮುಖಕ್ಕೆ ಹಚ್ಚೋ ದ್ರವ ಅದು. ಹತ್ತಿಯಲ್ಲಿ ಹಚ್ಚಿದರೆ ಹತ್ತಿಯೇ ಕುಡಿದುಬಿಡುತ್ತೆ, ಬೆರಳೇ ಸಾಕು. ಬೆರಳಿಗೆ ಬಣ್ಣವೂ ಅಂಟಲ್ಲ, ನನ್ನಂಥವರಿಗೆ ಅದೇ ವಾಸಿ.

ಡೈರಿಯಲ್ಲಿ ಕೂಡಿಸಿ ನೋಡಿದೆ. ಹಾಳು ಟ್ಯೂಬು ಮೂರಕ್ಕೆ 390, ಕ್ಲಿನಿಕ್ ಎರಡು ಸಲಕ್ಕೆ 800, ಚೀಟಿಯ ಔಷಧಿ 640, ಸನ್‌ಸ್ಕ್ರೀನ್ ಎರಡಕ್ಕೆ 798, ಫೇಸ್‌ವಾಶ್ 440, ಮಾಯಿಶ್ಚರೈಸರ್ 310, ಸೀರಮ್ 549. ಒಟ್ಟು 3,927. ದಿಂಬಿನ ಕವರ್ ಲೆಕ್ಕಕ್ಕೆ ಹಾಕಿಲ್ಲ.

ಮೊನ್ನೆ ನೈಟ್ ಶಿಫ್ಟ್ ಬಿಟ್ಟಾಗ, ಪ್ಯಾಡ್ ಎಲ್ಲಿ ಸಿಗುತ್ತೆ ಅಂತ ಕೇಳಿದ ಮೂವರಲ್ಲಿ ಒಬ್ಬನಿಗೆ, ಮೊದಲು ನೀನು ಈಗ ಹಚ್ಚೋದು ತೋರಿಸು ಅಂದೆ. ಗೇಟಿನ ಲೈಟ್ ಕೆಳಗೆ ಬೈಕ್ ನಿಲ್ಲಿಸಿ ಜೇಬಿನಿಂದ ಟ್ಯೂಬ್ ತೆಗೆದ, ಅರ್ಧಕ್ಕೆ ಮಡಚಿ ಹಿಂಡಿದ್ದು. ಅಕ್ಷರ ಅಳಿಸಿತ್ತು. ಫೋನಿನ ಟಾರ್ಚ್ ಹಾಕಿ, ಹಿಡಿದು ತಿರುಗಿಸಿ ಓದಿದೆವು. ಮೊಮೆಟಾ ವರೆಗೆ ಕಂಡಿತು, ಮುಂದಿನದು ಮಡಿಕೆಯೊಳಗೆ ಹೋಗಿತ್ತು. "ನಾಲ್ಕು ತಿಂಗಳಿಂದ ಹಾಕ್ತಿದ್ದೀನಿ ಮಗಾ, ಒಂದು ದಿನ ಬಿಟ್ಟರೂ ಉರಿಯುತ್ತೆ" ಅಂದ. ಈ ಶನಿವಾರ ಇಬ್ಬರೂ ಹೋಗ್ತಿದ್ದೇವೆ. ಮೂರೂವರೆಗೇ ಕ್ಲಿನಿಕ್ ಬಾಗಿಲಲ್ಲಿ ನಿಂತಿರಬೇಕು, ಆ ಟ್ಯೂಬು ಎಸೆಯಬೇಡ ಅಂತ ಹೇಳಿದ್ದೇನೆ.